ಪಂಕ್ತಿಯಲ್ಲಿ ಕಾಣದ ಹುಡುಗ

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ನನಗೆ ಕೊಟ್ಟಿರುವ ವಿಷಯ ‘ವಿದ್ಯಾರ್ಥಿಗಳ ಮನೋಬಲ’. ಮನೋಬಲ ಬೆಳೆಸಿಕೊಳ್ಳಿ ಎಂದು ಉಪದೇಶ ಮಾಡುವುದು ಸುಲಭ. ಹಾಗೆ ಉಪದೇಶ ಮಾಡಿಯೇ ನಾನು ಒಬ್ಬ ಹುಡುಗನನ್ನು ಕಳೆದುಕೊಳ್ಳುವುದರಲ್ಲಿದ್ದೆ. ಅವನ ಒಪ್ಪಿಗೆ ಪಡೆದು ಹೇಳುತ್ತಿದ್ದೇನೆ. ಹೆಸರು, ಊರು ಬೇಡ.

ಕಾಲೇಜಿನಲ್ಲಿ ಪಾಠ ಮಾಡುತ್ತ ನಾನು ಹನ್ನೊಂದು ವರ್ಷ ಒಂದು ಪ್ರಸಾದ ನಿಲಯದ ಮೇಲ್ವಿಚಾರಕನಾಗಿದ್ದೆ. ಈ ಹುಡುಗ ಬಿ.ಎಸ್ಸಿ. ಮೊದಲ ವರ್ಷ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ, ಶಾಲೆಗೇ ಮೊದಲಿಗ. ನಮ್ಮ ಪ್ರತಿಭಾ ಪುರಸ್ಕಾರದಲ್ಲಿ ಶಾಲು ಹೊದಿಸಿಕೊಂಡವನು. ಆ ಕಾರ್ಯಕ್ರಮದ ನಿರೂಪಣೆ ನನ್ನದೇ. ಮೊದಲ ಸೆಮಿಸ್ಟರಿನಲ್ಲಿ ಎರಡು ವಿಷಯ ಫೇಲಾದ. ಬರಬರುತ್ತ ಮುಖ ತೋರಿಸುವುದನ್ನೇ ಬಿಟ್ಟ. ಕರೆದು ಕೇಳಿದೆ, “ಯಾಕೋ ತಮ್ಮಾ, ಏನಾಗೇದ?”

“ಏನಿಲ್ರಿ ಸರ್.”

ನನಗೆ ಅಷ್ಟೇ ಸಾಕಾಯಿತು. ಅರ್ಧ ಗಂಟೆ ಮಾತಾಡಿದೆ. ನಮ್ಮ ಕಾಲದ ಬಡತನ, ಕಾಯಕ ತತ್ತ್ವ, ನಿಮ್ಮಪ್ಪ ಮಾಡಿದ ಸಾಲ, ಒಂದನ್ನೂ ಬಿಡಲಿಲ್ಲ. ಅವನು “ಹೂಂನ್ರಿ” ಎಂದು ಎದ್ದು ಹೋದ. ಚೆನ್ನಾಗಿ ಬುದ್ಧಿ ಹೇಳಿದೆ ಎಂದುಕೊಂಡು ನಾನು ಮಲಗಿದೆ.

ವಾರ ಕಳೆದಿರಬೇಕು. ರಾತ್ರಿ ಹನ್ನೊಂದಕ್ಕೆ ಅವನ ಕೋಣೆಯ ಗೆಳೆಯ ಬಾಗಿಲು ಬಡಿದ. “ಸರ್, ಅವ ಬದುಕೂದ ಬ್ಯಾಡ ಅನ್ನಾಕತ್ತಾನ್ರಿ.”

ಅವನನ್ನು ಅಡುಗೆಮನೆಗೆ ಕರೆದುಕೊಂಡು ಹೋದೆವು. ಅಲ್ಲಿ ಬೆಂಕಿ ಇತ್ತು, ಬೆಳಕಿತ್ತು. ಅಡುಗೆ ಅಜ್ಜ ಅನ್ನ, ಸಾರು ಬಿಸಿ ಮಾಡಿ ಮುಂದಿಟ್ಟು ನನ್ನ ಕಡೆ ತಿರುಗಿ, “ಹದಿನೈದ ದಿನಾ ಆತ್ರಿ, ಈ ಕೂಸು ರಾತ್ರಿ ಪಂಕ್ತಿಗೆ ಬಂದಿಲ್ಲ” ಎಂದ. ಅಜ್ಜನಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ಆ ರಾತ್ರಿ ನಾನು ಸುಮ್ಮನಿದ್ದೆ. ಜಾಣತನದಿಂದಲ್ಲ, ಹೆದರಿಕೆಯಿಂದ. ಅವನು ಎರಡು ಗಂಟೆಯವರೆಗೆ ಮಾತಾಡಿದ. ತರಗತಿಯಲ್ಲಿ ಇಂಗ್ಲಿಷ್ ತಿಳಿಯದೆ, ಉಳಿದವರು ನಕ್ಕಾಗ ತಾನೂ ನಕ್ಕದ್ದು. ರಜೆಗೆ ಊರಿಗೆ ಹೋಗಲು ಆಗದ್ದು. ಶಾಲು ಹೊದ್ದ ಫೋಟೋಕ್ಕೆ ಅವರಪ್ಪ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದಾನೆ. “ಅದರ ಕೆಳಗ ನಾ ಹ್ಯಾಂಗ ಕುಂಡರಲ್ರಿ ಸರ್?”

ಬೆಳಗಾಗುವವರೆಗೆ ಅವನೊಬ್ಬನನ್ನೇ ಬಿಡಲಿಲ್ಲ. ಮರುದಿನ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಹೋದೆವು. ಅವರು ಖಿನ್ನತೆ ಎಂದರು. ಗುಳಿಗೆ ಕೊಟ್ಟರು, ವಾರಕ್ಕೊಮ್ಮೆ ಕರೆಸಿ ಮಾತಾಡಿಸಿದರು. ತಿಂಗಳುಗಟ್ಟಲೆ ಹಿಡಿಯಿತು. ಬಿ.ಎಸ್ಸಿ. ಮುಗಿಸಲಿಲ್ಲ, ಬೇರೆ ಕೋರ್ಸು ಹಿಡಿದ. ಈಗ ತನ್ನ ದುಡಿಮೆಯ ಮೇಲೆ ನಿಂತಿದ್ದಾನೆ.

ಒಂದು ಮಾತು ಕಟುವಾಗಿ ಹೇಳಬೇಕಾಗಿದೆ. ಸುದ್ದಿ ತಿಳಿದು ಬಂದ ಅವರಪ್ಪನ ಕೈಯಲ್ಲಿ ತಾಯಿತ ಇತ್ತು. ಶನಿಕಾಟವೆಂದು ಯಾರೋ ಹೇಳಿ ಹಣ ಕಿತ್ತಿದ್ದರು. ಎದೆಯ ಮೇಲೆ ಇಷ್ಟಲಿಂಗ, ತೋಳಿಗೆ ತಾಯಿತ! ಶರಣರು ಬಿಡಿಸಿದ್ದನ್ನು ನಾವು ಮಕ್ಕಳ ಕಾಯಿಲೆಯ ಹೊತ್ತಿನಲ್ಲಿ ಮತ್ತೆ ಕಟ್ಟಿಕೊಳ್ಳುತ್ತೇವೆ. ಹಾಗೆಯೇ, ಲಿಂಗಪೂಜೆ ಮಾಡಿದರೆ ಇಂಥದ್ದು ಬರುವುದಿಲ್ಲ ಎನ್ನುವವರೂ ನಮ್ಮಲ್ಲಿದ್ದಾರೆ. ಪೂಜೆ ಮಾಡುವವರಿಗೆ ಸಕ್ಕರೆ ಕಾಯಿಲೆ ಬರುವುದಿಲ್ಲವೇ? ಆ ಹುಡುಗ ಒಂದು ದಿನವೂ ಪೂಜೆ ತಪ್ಪಿಸಿರಲಿಲ್ಲ.

ಇದು ಒಬ್ಬ ಹುಡುಗನ ಕಥೆಯಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಗೆ ಬಲಿಯಾದ ವಿದ್ಯಾರ್ಥಿಗಳು 13 ಸಾವಿರಕ್ಕೂ ಹೆಚ್ಚು. ದಾರಿ ಇಲ್ಲವೆಂದಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮೊದಲ ಮಾದರಿ ತಯಾರಾದದ್ದೇ 1980ರ ದಶಕದಲ್ಲಿ, ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ, ನಿಮ್ಹಾನ್ಸ್ ವೈದ್ಯರ ಕೈಯಿಂದ. 2022ರಿಂದ ಟೆಲಿ-ಮಾನಸ್ ಇದೆ. 14416ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮಕ್ಕಳೇ, ಈಗಲೇ ಬರೆದುಕೊಳ್ಳಿ. ಪೊಲೀಸರ ಭಯವೂ ಬೇಡ. ಸಾಯಲು ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಕಾಣಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹ ಆಪ್ತಸಮಾಲೋಚಕರು ಇರಬೇಕೆಂದು ಸುಪ್ರೀಂ ಕೋರ್ಟು 2025ರ ಜುಲೈಯಲ್ಲಿ ನಿರ್ದೇಶಿಸಿದೆ. ನಮ್ಮ ಮಠಗಳ ಎಷ್ಟು ಕಾಲೇಜುಗಳಲ್ಲಿ ಇದ್ದಾರೆ? ಆಡಳಿತ ಮಂಡಳಿಯವರು ಇಲ್ಲೇ ಕುಳಿತಿದ್ದಾರೆ, ಅದಕ್ಕೇ ಕೇಳಿದೆ.

ಅನುಭವ ಮಂಟಪದಲ್ಲಿ ಅಂಬಿಗ, ಮಡಿವಾಳ, ಹಡಪದ ಎಲ್ಲರೂ ಮಾತಾಡಿದರು ಎಂದು ಹೆಮ್ಮೆಯಿಂದ ಹೇಳುತ್ತೇವೆ. ಶೂನ್ಯಸಿಂಹಾಸನದಲ್ಲಿ ಕುಳಿತು ಅಲ್ಲಮರು ಅಷ್ಟನ್ನೂ ಕೇಳಿಸಿಕೊಂಡರು ಎಂಬುದನ್ನು ಮರೆಯುತ್ತೇವೆ.

ಪೂಜ್ಯರಲ್ಲಿ ನನ್ನ ಬಿನ್ನಹ ಒಂದೇ. ಈ ಸಲದ ಪುರಸ್ಕಾರದ ವೇದಿಕೆಗೆ ಬಿದ್ದು ಎದ್ದ ಹುಡುಗರನ್ನೂ ಕರೆಯಬೇಕು, ಅವರು ಒಪ್ಪಿದರೆ. ನಿಲಯಗಳ ಮೇಲ್ವಿಚಾರಕರು ದಿನಕ್ಕೊಮ್ಮೆ ಅಡುಗೆಯವರನ್ನು, “ಇವತ್ತು ಯಾರು ಉಣ್ಣಲಿಲ್ಲ?” ಎಂದು ಕೇಳಲಿ. ಹಾಜರಿ ಪುಸ್ತಕದಲ್ಲಿ ಅದು ಸಿಗುವುದಿಲ್ಲ.

ಗೋಷ್ಠಿ ಮುಗಿದ ಮೇಲೆ ದಾಸೋಹದ ಮನೆಯ ಕಟ್ಟೆಯ ಮೇಲೆ ಕುಳಿತಿರುತ್ತೇನೆ. ಯಾರಿಗಾದರೂ ಏನಾದರೂ ಹೇಳಬೇಕೆನಿಸಿದರೆ ಬನ್ನಿ. ನನ್ನ ಪಾಲಿನ ಮಾತು ಇಲ್ಲಿಗೇ ಮುಗಿದಿದೆ. ಶರಣು.