ನಾಣ್ಯನೀತಿಯೂ ದುಡಿಯುವವರ ಬಾಳೂ
(ಮಹೋತ್ಸವದ ವಿದ್ವದ್ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ದೇಶದ ನಾಣ್ಯದ ಬೆಲೆ ಕೆಡದಂತೆ ಕಾಯ್ದು, ಬಡ್ಡಿಯ ದರವನ್ನು ಹತೋಟಿಯಲ್ಲಿಡುವ ಸಂಸ್ಥೆಗೆ ಕೇಂದ್ರ ಬ್ಯಾಂಕೆಂದು ಹೆಸರು. ಅಲ್ಲಿಯ ವ್ಯವಹಾರವೆಲ್ಲ ಅಂಕಿಗಳದು. ಆದರೆ ಒಂದೊಂದು ಅಂಕಿಯ ಹಿಂದೆಯೂ ಎಷ್ಟೋ ಮನೆಗಳ ಒಲೆಯಿರುವುದು. ಇದನ್ನು ಮರೆಯದೆ ನಡೆದವರಲ್ಲಿ ಅಮೆರಿಕಾ ದೇಶದ ವಿದುಷಿ ಜಾನೆಟ್ ಯೆಲೆನ್ ಅವರು ಗಣ್ಯರು.

ಅವರು ೧೯೪೬ರಲ್ಲಿ ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಭಾಗದಲ್ಲಿ ಜನಿಸಿದರು. ತಂದೆ ವೈದ್ಯರು, ಮನೆಯಲ್ಲಿಯೇ ಚಿಕಿತ್ಸೆ ಮಾಡುತ್ತಿದ್ದರು. ಬರುತ್ತಿದ್ದವರಲ್ಲಿ ಕೂಲಿಗಾರರು ಬಹುಮಂದಿ. ಕೆಲಸ ಹೋದರೆ ಸಂಸಾರವೂ ದೇಹವೂ ಹೇಗೆ ಕುಗ್ಗುವುವೆಂಬುದನ್ನು ಬಾಲಕಿ ಅಲ್ಲಿಯೇ ಅರಿತಳು. ಮುಂದೆ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಜೇಮ್ಸ್ ಟೋಬಿನ್ ಎಂಬ ಪಂಡಿತರ ಬಳಿ ಅಭ್ಯಾಸ ಮಾಡಿ ೧೯೭೧ರಲ್ಲಿ ಡಾಕ್ಟರ್ ಪದವಿ ಪಡೆದರು. ೧೯೭೭ರಲ್ಲಿ ಅಮೆರಿಕಾದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವಿನಲ್ಲಿ ಅರ್ಥಶಾಸ್ತ್ರಜ್ಞೆಯಾಗಿ ಸೇರಿದರು. ಅಲ್ಲಿ ಪರಿಚಿತರಾದ ಜಾರ್ಜ್ ಅಕರ್ಲಾಫ್ ಎಂಬ ವಿದ್ವಾಂಸರನ್ನು ೧೯೭೮ರಲ್ಲಿ ವರಿಸಿದರು.

ಈ ದಂಪತಿಗಳು ತಮ್ಮ ಶಿಶುವನ್ನು ನೋಡಿಕೊಳ್ಳುವ ದಾದಿಗೆ ಊರಿನ ದರಕ್ಕಿಂತ ಹೆಚ್ಚು ಸಂಬಳ ಕೊಟ್ಟರು. ಸಂತುಷ್ಟಳಾದವಳು ಮಗುವನ್ನು ಅಕ್ಕರೆಯಿಂದ ಕಾಯುವಳೆಂಬುದು ಅವರ ಎಣಿಕೆ. ನ್ಯಾಯವೆಂದು ತೋರುವ ಕೂಲಿಗಿಂತ ಕಡಮೆ ಕೊಟ್ಟರೆ ದುಡಿಮೆಯೂ ಅದಕ್ಕೆ ತಕ್ಕಂತೆ ಕುಗ್ಗುವುದೆಂದು ೧೯೯೦ರಲ್ಲಿ ಇಬ್ಬರೂ ಕೂಡಿ ಶಾಸ್ತ್ರೀಯವಾಗಿ ಪ್ರತಿಪಾದಿಸಿದರು.

ಈ ತತ್ತ್ವದ ಬೆಲೆ ೧೯೯೬ರ ಜುಲೈ ತಿಂಗಳಿನಲ್ಲಿ ಪ್ರಕಟವಾಯಿತು. ಅಂದು ಬ್ಯಾಂಕಿನ ನೀತಿಸಭೆಯಲ್ಲಿ, ಬೆಲೆಯೇರಿಕೆಯನ್ನು ಸೊನ್ನೆಯವರೆಗೆ ಇಳಿಸಬೇಕೇ ಎಂಬ ಚರ್ಚೆ ಎದ್ದಿತು. ಅಧ್ಯಕ್ಷರಾದ ಗ್ರೀನ್‌ಸ್ಪಾನ್ ಅವರ ಒಲವು ಅತ್ತಲೇ ಇದ್ದಿತು. ಯೆಲೆನ್ ಅವರಾದರೋ ಶೇಕಡಾ ೨ರ ಪಕ್ಷವನ್ನು ಹಿಡಿದರು. ಇದರ ಮರ್ಮವಿಷ್ಟೆ: ವ್ಯಾಪಾರ ಕುಗ್ಗಿದ ವರ್ಷದಲ್ಲಿ ಯಜಮಾನನು ಕೂಲಿಯನ್ನು ಕಡಿದರೆ ಆಳುಗಳ ಮನಸ್ಸು ಮುರಿಯುವುದು, ಕಡಿಯದಿದ್ದರೆ ಕೆಲವರನ್ನು ಹೊರಗಟ್ಟಬೇಕಾಗುವುದು. ಬೆಲೆಗಳು ಅಲ್ಪಸ್ವಲ್ಪ ಏರುತ್ತಿದ್ದರೆ, ಕೂಲಿಯನ್ನು ಇದ್ದಂತೆಯೇ ಇಟ್ಟರೂ ಯಜಮಾನನ ಭಾರ ಇಳಿಯುವುದು, ಆಳಿನ ಕೆಲಸವೂ ಉಳಿಯುವುದು. ಸಭೆಯು ಬಹುಮಟ್ಟಿಗೆ ಈ ಮಾತನ್ನೇ ಒಪ್ಪಿತು. ೨೦೧೨ರ ಜನವರಿಯಲ್ಲಿ ಆ ಶೇಕಡಾ ೨ನ್ನೇ ಬ್ಯಾಂಕು ತನ್ನ ಗುರಿಯೆಂದು ಬಹಿರಂಗವಾಗಿ ಸಾರಿತು.

೨೦೧೪ರಿಂದ ೨೦೧೮ರ ವರೆಗೆ ಯೆಲೆನ್ ಅವರೇ ಆ ಬ್ಯಾಂಕಿನ ಅಧ್ಯಕ್ಷ ಪೀಠದಲ್ಲಿದ್ದರು. ಅದನ್ನೇರಿದ ಮೊದಲನೆಯ ಮಹಿಳೆ ಅವರು. ೨೦೨೧ರಿಂದ ೨೦೨೫ರ ವರೆಗೆ ದೇಶದ ಅರ್ಥಸಚಿವರಾಗಿದ್ದರು.

ಕೆಲಸದ ಕಡೆಗೆ ವಾಲಿದ ದೃಷ್ಟಿ ಬೆಲೆಯ ಅಪಾಯವನ್ನು ಕಾಣದೆ ಹೋಗುವುದೂ ಉಂಟು. ೨೦೨೧ರಲ್ಲಿ ಬೆಲೆಯೇರಿಕೆಯ ವಿಪತ್ತು ಅಲ್ಪವೆಂದು ಅವರು ಎಣಿಸಿದ್ದರು; ೨೦೨೨ರ ಜೂನ್ ತಿಂಗಳಿನಲ್ಲಿ ಅದು ಶೇಕಡಾ ೯.೧ಕ್ಕೆ ಮುಟ್ಟಿತು. ಬಡವನ ರೊಟ್ಟಿಗೂ ಅದರ ಬಿಸಿ ತಾಗಿತು. ತಮ್ಮ ಎಣಿಕೆ ತಪ್ಪಿತೆಂದು ಆ ವರ್ಷವೇ ಅವರು ಬಹಿರಂಗವಾಗಿ ಒಪ್ಪಿಕೊಂಡರು. ಅಧಿಕಾರದಲ್ಲಿದ್ದವರ ಬಾಯಲ್ಲಿ ಇಂತಹ ಮಾತು ವಿರಳ.

ಕೆಲಸವಿಲ್ಲದವನ ನೋವನ್ನೂ, ಬೆಲೆಗಳಿಂದ ಬೆಂದವನ ನೋವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಈ ವಿದ್ಯೆಯ ಕಷ್ಟ. ಆ ತಕ್ಕಡಿಯನ್ನು ಹಿಡಿದವರಿಗೆ ಗಣಿತವೂ ಬೇಕು, ಕರುಣೆಯೂ ಬೇಕು. ತಪ್ಪಿದಾಗ ತಿದ್ದಿಕೊಳ್ಳುವ ವಿನಯವಂತೂ ಬೇಕೇ ಬೇಕು.