ಅಂಜಿಕೆಗೂ ಒಂದು ಕೆಲಸ ಕೊಡಿರಿ



ಈ ಮೂರು ದಿನಗಳಲ್ಲಿ ನಾವು ಮೂರು ಊರುಗಳನ್ನು ಸುತ್ತಿ ಬಂದಿದ್ದೇವೆ. ಮೊನ್ನೆ ಬಳ್ಳಾರಿ, ನಿನ್ನೆ ಸಿರುಗುಪ್ಪ, ಇಂದು ನಿಮ್ಮ ಕುರುಗೋಡು. ಒಂದೊಂದು ಊರಿನಲ್ಲಿ ಒಂದೊಂದು ವಿಷಯ ಮಾತನಾಡಬೇಕೆಂದು ಗೊತ್ತುಮಾಡಿಕೊಂಡು ಹೊರಟಿದ್ದೆವು. ಆದರೆ ಮೂರು ಊರುಗಳಲ್ಲಿಯೂ ಒಂದೇ ವಿಷಯ ನಮ್ಮ ಎದುರಿಗೆ ಬಂದು ನಿಂತಿತು. ಅದು ಯಾವುದೆಂದರೆ, ವಯಸ್ಸಾದಂತೆ ಮನುಷ್ಯನೊಳಗೆ ಬೆಳೆಯುವ ಅಂಜಿಕೆ. ಈ ಸಂಜೆ ಅದನ್ನೇ ನಿಮ್ಮ ಮುಂದಿಡುತ್ತೇವೆ. ಮೊದಲು ನಮ್ಮ ಅಂಜಿಕೆಯನ್ನು ಹೇಳಿಬಿಡುತ್ತೇವೆ. ತನ್ನದನ್ನು ಮುಚ್ಚಿಟ್ಟುಕೊಂಡು ಪರರದನ್ನು ಬಿಚ್ಚುವುದು ಸರಿಯಲ್ಲ.

ನಾವು ಹುಡುಗರಾಗಿದ್ದಾಗ ಬಳ್ಳಾರಿಯಲ್ಲಿ ಪ್ರಸಾದ ನಿಲಯದಲ್ಲಿದ್ದುಕೊಂಡು ಓದಿದವರು. ಭಾನುವಾರ ಬಂತೆಂದರೆ ನಾಲ್ಕಾರು ಜನ ಕೂಡಿ ಕೋಟೆಯ ಗುಡ್ಡ ಹತ್ತುತ್ತಿದ್ದೆವು. ಮೆಟ್ಟಿಲುಗಳಿದ್ದರೂ ಅವನ್ನು ಬಿಟ್ಟು ಬಂಡೆಯ ಮೇಲೆ ಹತ್ತುವುದೇ ನಮಗೆ ಸಂತೋಷ. ಅಂಚಿನಲ್ಲಿ ನಿಂತು ಕೆಳಗೆ ಬಗ್ಗಿ ನೋಡಿದಾಗ ಎದೆ ಝಲ್ಲೆನ್ನಬೇಕು. ಹಾಗೆ ಎನ್ನಿಸಿಕೊಳ್ಳುವುದಕ್ಕಾಗಿಯೇ ಹೋಗುತ್ತಿದ್ದೆವು. ಮೊನ್ನೆ ಬೆಳಿಗ್ಗೆ ಅದೇ ಗುಡ್ಡವನ್ನು ಮೆಟ್ಟಿಲುಗಳ ಮೇಲೆಯೇ ಹತ್ತಿದೆವು. ಹತ್ತುವಾಗ ಏನೂ ಆಗಲಿಲ್ಲ. ಇಳಿಯುವಾಗ ಒಂದು ಕಡೆ ಸವೆದ ಮೆಟ್ಟಿಲನ್ನು ಕಂಡು ಕಾಲು ನಡುಗಿತು. ಮುಂದಿನ ಹೆಜ್ಜೆ ಇಡಲಾರದೆ ನಿಂತುಬಿಟ್ಟೆವು. ಜೊತೆಗೆ ಬಂದಿದ್ದ ಮಠದ ಹುಡುಗ, “ಅಜ್ಜಾರ, ಕೈ ಕೊಡ್ರಿ” ಎಂದ. ನಾವು, “ಬೇಡಪ್ಪ, ಊರು ನೋಡುತ್ತಿದ್ದೇವೆ” ಎಂದೆವು. ಶರಣರೇ, ನಾವು ನೋಡುತ್ತಿದ್ದುದು ಊರನ್ನಲ್ಲ, ಆ ಮೆಟ್ಟಿಲನ್ನು. ಕಾವಿ ತೊಟ್ಟು, ಅಷ್ಟು ವರುಷ ನಿಮಗೆ ಸತ್ಯದ ಮಾತು ಹೇಳಿ, ಒಂದು ಮೆಟ್ಟಿಲಿನ ಸಲುವಾಗಿ ಹನ್ನೆರಡು ವರ್ಷದ ಹುಡುಗನ ಮುಂದೆ ಸುಳ್ಳಾಡಿದೆವು.

ಅಲ್ಲಿ ನಿಂತಲ್ಲಿಂದ ಎದುರಿಗೆ ಕುಂಬಾರ ಗುಡ್ಡ ಕಾಣಿಸುತ್ತದೆ. ಹಿರಿಯರು ಹೇಳುವ ಕಥೆ ನಿಮಗೆ ಗೊತ್ತಿದೆ. 18ನೆಯ ಶತಮಾನದಲ್ಲಿ ಹೈದರಾಲಿ ಬಳ್ಳಾರಿಯನ್ನು ಹಿಡಿದು, ಫ್ರೆಂಚ್ ಎಂಜಿನಿಯರನೊಬ್ಬನಿಂದ ಕೋಟೆಯನ್ನು ಬಲಪಡಿಸಿದನಂತೆ. ಎಲ್ಲ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡವೇ ಎತ್ತರ! ಅಲ್ಲಿಂದ ಶತ್ರು ಗುಂಡು ಹಾರಿಸಿದರೆ ಗತಿಯೇನೆಂದು ಸಿಟ್ಟಾಗಿ ಆ ಎಂಜಿನಿಯರನನ್ನು ಗಲ್ಲಿಗೇರಿಸಿದನಂತೆ. ಕಥೆ ನಿಜವೋ ಸುಳ್ಳೋ, ಅದರೊಳಗಿನ ಮಾತು ನಿಜ. ಅಂಜಿಕೆಗಾಗಿ ಎಷ್ಟು ಗೋಡೆ ಕಟ್ಟಿದರೂ ಎದುರಿಗೆ ಇನ್ನೊಂದು ಎತ್ತರದ ಗುಡ್ಡ ಕಾಣಿಸಿಯೇ ಕಾಣಿಸುತ್ತದೆ. ಹಾಗೆ ಕಂಡಾಗ ನಾವು ಹತ್ತಿರದಲ್ಲಿದ್ದವರ ಮೇಲೆ ಸಿಟ್ಟಾಗುತ್ತೇವೆ. ಮನೆಯಲ್ಲಿ ಮುದುಕರು ಸೊಸೆಯ ಮೇಲೆ, ಮೊಮ್ಮಗನ ಮೇಲೆ ರೇಗುವುದರಲ್ಲಿ ಅರ್ಧಪಾಲು ಇಂಥ ಅಂಜಿಕೆಯೇ ಇರುತ್ತದೆ.

ಹುಡುಗತನದಲ್ಲಿ ಬೇಕುಬೇಕೆಂದು ಹುಡುಕಿಕೊಂಡು ಹೋದ ಆ ಝಲ್ಲೆನ್ನುವಿಕೆ ಮುಪ್ಪಿನಲ್ಲಿ ಯಾಕೆ ಬೇಡವಾಗುತ್ತದೆ? ಇದನ್ನು ವಿಜ್ಞಾನಿಗಳೂ ವಿಚಾರ ಮಾಡಿದ್ದಾರೆ. ಅಮೇರಿಕೆಯ ಮನಶ್ಶಾಸ್ತ್ರಜ್ಞ ಮಾರ್ವಿನ್ ಝುಕರ್‌ಮನ್ ಎಂಬವರು 1964ರಲ್ಲಿ, ಯಾರಿಗೆ ರೋಮಾಂಚನದ ಹಸಿವು ಎಷ್ಟಿದೆಯೆಂದು ಅಳೆಯುವ ಒಂದು ಪ್ರಶ್ನಾವಳಿಯನ್ನೇ ಸಿದ್ಧಪಡಿಸಿದರು. ಆ ಹಸಿವು ಹರೆಯದಲ್ಲಿ ಏರುತ್ತದೆ, ವಯಸ್ಸಾದಂತೆ ಇಳಿಯುತ್ತದೆಂದು ಕಂಡುಬಂದಿತು. ಹರೆಯದವರ ಮಿದುಳಿನಲ್ಲಿ ಸುಖವನ್ನು ಬೇಡುವ ಭಾಗ ಬೇಗ ಬಲಿಯುತ್ತದೆ. ತಡೆದು ವಿಚಾರ ಮಾಡಿಸುವ ಹಣೆಯ ಹಿಂದಿನ ಭಾಗ ಪೂರ್ತಿ ಬಲಿಯಲು ಇಪ್ಪತ್ತೈದರ ಆಸುಪಾಸು ವಯಸ್ಸಾಗಬೇಕು. ಎತ್ತು ಓಡುತ್ತದೆ, ಮೂಗುದಾರ ಇನ್ನೂ ಬಿದ್ದಿಲ್ಲ. ಮುಪ್ಪಿನಲ್ಲಿ ಇದು ತಿರುವುಮುರುವು. ಕಣ್ಣು ಮಬ್ಬಾಗುತ್ತದೆ, ತೂಕ ಹಿಡಿಯುವ ಒಳಗಿವಿಯ ಶಕ್ತಿ ಕುಂದುತ್ತದೆ, ಎಲುಬು ಬೆಂಡಾಗುತ್ತದೆ. ಆದ್ದರಿಂದ ದೇಹ ಎಚ್ಚರಿಕೆ ಕೊಡುವುದು ನ್ಯಾಯವೇ. ಸವೆದ ಮೆಟ್ಟಿಲನ್ನು ಕಂಡು ನಮ್ಮ ಕಾಲು ಅಂಜಿದ್ದು ತಪ್ಪಲ್ಲ. ಆ ಅಂಜಿಕೆಯನ್ನು ಮುಚ್ಚಿಟ್ಟ ಮನಸ್ಸಿನದು ತಪ್ಪು.

ಇದನ್ನೇ ಯೋಚಿಸುತ್ತ ನಿನ್ನೆ ಸಿರುಗುಪ್ಪಕ್ಕೆ ಹೋದೆವು. ಅಲ್ಲಿ ನಮ್ಮ ಹಳೆಯ ಭಕ್ತರೊಬ್ಬರಿದ್ದಾರೆ. ತುಂಗಭದ್ರೆಯಲ್ಲಿ ಹರಗೋಲು ಹಾಕಿ ಬದುಕಿದವರು. 2009ರಲ್ಲಿ ಹೊಳೆ ಉಕ್ಕಿ ಆ ಸೀಮೆಯ ಹಳ್ಳಿಗಳಿಗೆ ನುಗ್ಗಿದಾಗ ಮಕ್ಕಳನ್ನು, ಬಾಣಂತಿಯರನ್ನು ದಾಟಿಸಿದವರು. ಅವರು ಪ್ರವಚನಕ್ಕೆ ಬರಲಿಲ್ಲ. ಆದ್ದರಿಂದ ನಾವೇ ಅವರ ಮನೆಗೆ ಹೋದೆವು. ಕತ್ತಲೆಯ ಕೋಣೆಯಲ್ಲಿ ಮಂಚದ ಮೇಲೆ ಕುಳಿತಿದ್ದರು. ಆರು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿದ್ದರಂತೆ. ಎಲುಬು ಮುರಿದಿರಲಿಲ್ಲ. ಆದರೂ ಅಂದಿನಿಂದ ಹೊಸ್ತಿಲು ದಾಟಿಲ್ಲ. “ಅಜ್ಜಾರ, ಹೊಳಿ ತುಂಬಿ ಬಂದಾಗ ಅಂಜಿದವ ಅಲ್ರಿ ನಾನು. ಈಗ ಒಂದು ತಂಬಿಗಿ ನೀರಿಗೆ ಅಂಜ್ತೀನ್ರಿ” ಎಂದು ಕಣ್ಣೀರು ತಂದರು.

ನೋಡಿರಿ, ಇಲ್ಲಿ ಒಂದು ಸೂಕ್ಷ್ಮವಿದೆ. ಬಿದ್ದೇನೆಂದು ಅಂಜಿ ಮನುಷ್ಯ ಕೂತುಬಿಡುತ್ತಾನೆ. ಕೂತದ್ದರಿಂದ ತೊಡೆ, ಮೀನಖಂಡ ಸೊರಗುತ್ತವೆ. ಸೊರಗಿದ ಕಾಲಿನಿಂದ ಎದ್ದಾಗ ನಿಜವಾಗಿಯೂ ಬೀಳುತ್ತಾನೆ. ಬೀಳುವ ಅಂಜಿಕೆಯೇ ಬೀಳಿಸುತ್ತದೆಂದು ಇಂದು ವೈದ್ಯರೂ ಹೇಳುತ್ತಾರೆ. ಕಾಲಿಗೆ ಹುಟ್ಟಿದ ಅಂಜಿಕೆಯನ್ನು ಮನಸ್ಸಿನೊಳಗೆ ಕರೆದು ಕೂಡಿಸಿದರೆ ಅದು ಮನೆಯ ಯಜಮಾನನಾಗುತ್ತದೆ. ಆಮೇಲೆ ಜಾತ್ರೆ ಬೇಡ, ಮದುವೆ ಬೇಡ, ನೆಂಟರ ಮನೆ ಬೇಡ ಎಂದು ಒಂದೊಂದೇ ಬಾಗಿಲು ಹಾಕಿಸುತ್ತದೆ.

ನಾವು ಆ ಹಿರಿಯರಿಗೆ ಉಪದೇಶ ಮಾಡಲಿಲ್ಲ. ಗುಡ್ಡದ ಮೇಲೆ ನಾವು ಆಡಿದ ಸುಳ್ಳನ್ನು ಹೇಳಿದೆವು. ಬಾಗಿಲಲ್ಲಿ ನಿಂತಿದ್ದ ಆ ಹುಡುಗನೂ ಕೇಳಿಸಿಕೊಂಡ. ಹಿರಿಯರು ಅಳು ನಿಲ್ಲಿಸಿ ನಕ್ಕರು. ಆಮೇಲೆ ನಾವಿಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಓಣಿಯ ತುದಿಯ ಬೇವಿನ ಮರದವರೆಗೆ ನಡೆದೆವು. ಇಬ್ಬರು ಅಂಜುಬುರುಕರು ಕೂಡಿದರೆ ಒಬ್ಬ ಧೈರ್ಯವಂತನಷ್ಟು ದೂರ ಹೋಗಬಹುದೆಂದು ನಮಗೆ ನಿನ್ನೆ ಗೊತ್ತಾಯಿತು.

ಇನ್ನು ನಿಮ್ಮ ಊರಿನ ಮಾತು. ಇಂದು ಮಧ್ಯಾಹ್ನ ದೊಡ್ಡಬಸವೇಶ್ವರನ ದರ್ಶನ ಮಾಡಿ, ಒಂದೇ ಕಲ್ಲಿನ ಆ ದೊಡ್ಡ ಬಸವನ ಮುಂದೆ ಕುಳಿತಿದ್ದಾಗ ಒಬ್ಬ ತಾಯಿ ಬಂದರು. ಮೊಮ್ಮಗ ಮೋಟಾರ್ ಸೈಕಲ್ ಕೊಂಡಿದ್ದಾನೆ. ಬಳ್ಳಾರಿ ರಸ್ತೆಯಲ್ಲಿ ಕೈಬಿಟ್ಟು ಓಡಿಸಿ ಅದನ್ನು ಮೊಬೈಲಿನಲ್ಲಿ ಎಲ್ಲರಿಗೂ ತೋರಿಸುತ್ತಾನೆ. “ಯಪ್ಪಾ, ಅವ ಮನಿಗೆ ಬರೋತನಕ ನನಗ ನಿದ್ದಿ ಇಲ್ಲ. ಬೈದ್ರ ಸುಳ್ಳು ಹೇಳಿ ಹೋಗ್ತಾನ” ಎಂದರು. ನಾವು, “ತಾಯೀ, ನೀವು ಹರೆಯದಲ್ಲಿ ಪಂಚಮಿಯ ಜೋಕಾಲಿ ಆಡಿಲ್ಲವೇ?” ಎಂದು ಕೇಳಿದೆವು. ಅವರ ಮುಖ ಬೆಳಗಿತು. ತುದಿಗೊಂಬೆಯ ಎಲೆಯನ್ನು ಬಾಯಲ್ಲಿ ಕಚ್ಚಿಕೊಂಡು ಬರುವಷ್ಟು ಎತ್ತರ ಜೀಕುತ್ತಿದ್ದರಂತೆ! “ಅಂಜಿಕೆ ಆಗುತ್ತಿರಲಿಲ್ಲವೇ?” “ಆಗ್ತಿತ್ತು ಯಪ್ಪಾ. ಅದಕ್ಕ ಮೊದಲು ಹಗ್ಗ ಜಗ್ಗಿ ನೋಡಿ ಆಮೇಲೆ ಹತ್ತುತಿದ್ವಿ.”

ಶರಣರೇ, ಆ ತಾಯಿ ಹೇಳಿದ ಮಾತಿಗಿಂತ ದೊಡ್ಡ ಮಾತನ್ನು ಈ ಸಂಜೆ ನಾವು ಹೇಳಲಾರೆವು. ಅಂಜಿಕೆಗೆ ಅವರು ಒಂದು ಕೆಲಸ ಕೊಟ್ಟಿದ್ದರು, ಹಗ್ಗ ನೋಡುವ ಕೆಲಸ. ಆ ಕೆಲಸ ಮುಗಿದ ಮೇಲೆ ಅದನ್ನು ಕೆಳಗೆ ನಿಲ್ಲಿಸಿ ತಾವು ಜೀಕಿದರು. “ಈ ಕಥೆಯನ್ನು ಮೊಮ್ಮಗನಿಗೆ ಹೇಳಿರಿ ತಾಯೀ. ನೀವೂ ಒಂದು ಕಾಲಕ್ಕೆ ಅವನಂತೆಯೇ ಇದ್ದಿರಿ ಎಂದು ಗೊತ್ತಾದರೆ ಅವನು ಸುಳ್ಳು ಹೇಳುವುದನ್ನು ಬಿಟ್ಟಾನು. ಆಮೇಲೆ, ನಿನ್ನ ಹಗ್ಗ ಎಲ್ಲಿದೆ ಮಗನೇ ಎಂದು ಕೇಳಿರಿ. ತಲೆಗೆ ಹೆಲ್ಮೆಟ್ ಇದೆಯೇ, ಹಿಡಿಕೆಯ ಮೇಲೆ ಕೈ ಇದೆಯೇ ಎಂದು ಕೇಳಿರಿ” ಎಂದೆವು. ಇಲ್ಲಿ ಕುಳಿತ ತರುಣರಿಗೂ ಇದೇ ಮಾತು. ರೋಮಾಂಚನ ಬೇಡವೆನ್ನುವುದಿಲ್ಲ. ಗರಡಿಯಿದೆ, ಗುಂಡು ಎತ್ತುವುದಿದೆ, ಈಜುವುದಿದೆ, ತೇರಿನ ಹಗ್ಗವಿದೆ. ಹಗ್ಗ ನೋಡದೆ ಜೀಕುವುದನ್ನು ಮಾತ್ರ ನಮ್ಮ ಹಿರಿಯರು ಧೈರ್ಯವೆಂದು ಕರೆದಿಲ್ಲ.

ಮುಪ್ಪಿನಲ್ಲಿ ಧೈರ್ಯವೆಂದರೇನೆಂದು ನಮ್ಮ ಸೀಮೆಯ ಜನ ಕಣ್ಣಾರೆ ಕಂಡಿದ್ದಾರೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ಹರಿದು ಗೇಟು ಕೊಚ್ಚಿಹೋಯಿತು. ಕೆಳಗಿನ ಊರುಗಳಲ್ಲಿ ಪ್ರವಾಹದ ಅಂಜಿಕೆ, ಕಾಲುವೆ ನಂಬಿದ ರೈತರಿಗೆ ಭತ್ತ ಒಣಗುವ ಅಂಜಿಕೆ. ಆಗ ಬಂದವರು ಗೇಟುಗಳ ತಜ್ಞರಾದ ಕನ್ನಯ್ಯ ನಾಯ್ಡು ಅವರು. ವಯಸ್ಸು ಎಪ್ಪತ್ತೈದು ದಾಟಿತ್ತು. ಹರಿಯುವ ನೀರಿನಲ್ಲಿಯೇ ಉಕ್ಕಿನ ಅಡ್ಡತಡೆಗಳನ್ನು ಒಂದರ ಮೇಲೊಂದು ಇಳಿಸುವ ಯೋಜನೆ ಅವರದು. ಅಧಿಕಾರಿಗಳೂ ಕೆಲಸಗಾರರೂ ಹಗಲಿರುಳು ದುಡಿದು ಒಂದು ವಾರದೊಳಗೆ ನೀರನ್ನು ನಿಲ್ಲಿಸಿದರು. ಅಂಥ ಕೆಲಸವನ್ನು ಅಂಜಿಕೆಯೇ ಇಲ್ಲದವನು ಮಾಡಲಾರ. ಎಲ್ಲಿ ತಪ್ಪೀತು, ಎಷ್ಟು ಭಾರ ತಡೆದೀತು ಎಂದು ಅಂಜಿ ಅಂಜಿ ಅಳತೆ ಹಾಕಿದವನೇ ಮಾಡಬೇಕು. ಹುಡುಗನಿಗೆ ಎದೆಯ ಬಲವಿದ್ದರೆ ಮುದುಕನಿಗೆ ಅಳತೆಯ ಬಲವಿದೆ.

ಇನ್ನೊಂದು ಮಾತು ಹೇಳದಿದ್ದರೆ ನಮ್ಮ ವಿಷಯ ಪೂರ್ತಿಯಾಗುವುದಿಲ್ಲ. ಮುಪ್ಪಿನಲ್ಲಿ ರೋಮಾಂಚನದ ಹಸಿವು ಪೂರಾ ಸಾಯುವುದಿಲ್ಲ, ಕಳ್ಳದಾರಿ ಹಿಡಿಯುತ್ತದೆ. ಕೆಲವರು ಮಟ್ಕಾ ಚೀಟಿಯಲ್ಲಿ ಅದನ್ನು ಹುಡುಕುತ್ತಾರೆ. ಕೆಲವರು ದಾಯಾದಿಗಳ ಮೇಲೆ ಕೋರ್ಟಿಗೆ ಹೋಗುವುದರಲ್ಲಿ ಹುಡುಕುತ್ತಾರೆ. ಬಹಳ ಜನ ಇಂದು ಮೊಬೈಲಿನಲ್ಲಿ ಹುಡುಕುತ್ತಿದ್ದಾರೆ. ಎಲ್ಲಿ ಕಳವು, ಎಲ್ಲಿ ಕೊಲೆ, ಯಾರಿಗೆ ಯಾವ ರೋಗ ಎಂದು ಹಗಲೆಲ್ಲ ನೋಡಿ, ಹತ್ತು ಜನರಿಗೆ ಕಳಿಸಿ, ರಾತ್ರಿ ನಿದ್ದೆಯಿಲ್ಲವೆಂದು ಹೊರಳಾಡುತ್ತಾರೆ. ಹೊಸ್ತಿಲು ದಾಟಲು ಅಂಜುವವರೇ ಕುಳಿತಲ್ಲಿ ಅಂಜಿಕೆಯನ್ನು ಸವಿಯುತ್ತಿದ್ದಾರೆ. ಆ ಹೊತ್ತಿನಲ್ಲಿ ಬೇವಿನ ಮರದವರೆಗೆ ನಡೆದು ಬಂದರೆ ಎಷ್ಟೋ ಮೇಲು.

ಕೊನೆಯ ಅಂಜಿಕೆ ಮರಣದ್ದು. ಶರಣರ ಗುಣವನ್ನು ಮರಣದಲ್ಲಿ ಕಾಣು ಎಂದು ನಮ್ಮ ಗಾದೆ. ಆ ಗುಣ ಕೊನೆಯ ದಿನ ಒಮ್ಮೆಲೇ ಬರುವುದಿಲ್ಲ. ದಿನಕ್ಕೊಂದು ಹೆಜ್ಜೆ ಎಂದು ರೂಢಿ ಮಾಡಿಕೊಂಡವರಿಗೆ ಬರುತ್ತದೆ. ಇಷ್ಟಲಿಂಗ ಪೂಜೆಗೆ ಕುಳಿತಾಗ ದಿನಾಲು ನಿಮ್ಮ ಅಂಜಿಕೆಯೊಂದನ್ನು ಹೆಸರು ಹಿಡಿದು ಲಿಂಗಯ್ಯನ ಮುಂದಿಡಿರಿ. ಅದರಲ್ಲಿ ಕಾಲಿನ ಪಾಲೆಷ್ಟು, ಮನಸ್ಸಿನ ಪಾಲೆಷ್ಟು ಎಂದು ವಿಂಗಡಿಸಿರಿ. ಕಾಲಿನ ಪಾಲಿಗೆ ಕೋಲು ಹಿಡಿಯಿರಿ, ಬಚ್ಚಲ ಗೋಡೆಗೆ ಹಿಡಿಕೆ ಹಾಕಿಸಿರಿ, ಕೈಕೊಡುವವರ ಕೈ ಹಿಡಿಯಿರಿ. ಮನಸ್ಸಿನ ಪಾಲನ್ನು ಅಲ್ಲಿಯೇ ಬಿಟ್ಟು ಏಳಿರಿ.

ಇದೀಗ ಸಭೆ ಮುಗಿದ ಮೇಲೆ ನಾವು ಈ ವೇದಿಕೆಯಿಂದ ಇಳಿಯಬೇಕು. ಮೆಟ್ಟಿಲು ಮೂರೇ ಇವೆ, ಆದರೂ ಎತ್ತರವಾಗಿವೆ. ಆ ಹುಡುಗ ಅಲ್ಲಿಯೇ ನಿಂತಿದ್ದಾನೆ. ಈ ಸಲ ಅವನು ಕೇಳುವ ಮೊದಲೇ ನಾವು ಕೈ ಚಾಚುತ್ತೇವೆ. ನಿಮ್ಮೆಲ್ಲರಿಗೂ ಅಂಥ ಒಂದು ಕೈ ಸಿಗಲಿ, ಅದನ್ನು ಹಿಡಿಯುವ ಮನಸ್ಸೂ ಬರಲಿ ಎಂದು ಹಾರೈಸಿ ನಮ್ಮ ಮಾತು ಮುಗಿಸುತ್ತೇವೆ.