ಮಣ್ಣಿನ ಮದ್ದು, ಮೊಂಡು ರೋಗಾಣು

ಮೊದಲ ಮಳೆ ಬಿದ್ದಾಗ ಮಣ್ಣಿನಿಂದೇಳುವ ವಾಸನೆ ಯಾರಿಗೆ ತಾನೇ ಗೊತ್ತಿಲ್ಲ? ಬಹುಮಟ್ಟಿಗೆ ಅದನ್ನು ಹುಟ್ಟಿಸುವವು ಸ್ಟ್ರೆಪ್ಟೊಮೈಸಿಸ್ ಎಂಬ ಕುಲದ ಬ್ಯಾಕ್ಟೀರಿಯಾಗಳು. ಕ್ಷಯರೋಗಕ್ಕೆ ನಾಟಿದ ಮೊದಲ ಆಂಟಿಬಯಾಟಿಕ್ ದೊರೆತದ್ದೂ ಇದೇ ಕುಲದಿಂದ.

ಪೆನಿಸಿಲಿನ್ ಕ್ಷಯದ ರೋಗಾಣುವನ್ನು ಮಣಿಸಲಾರದೆ ಹೋಗಿತ್ತು. 1943ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಸೆಲ್ಮನ್ ವಾಕ್ಸ್‌ಮನ್ ಅವರ ವಿದ್ಯಾರ್ಥಿ ಆಲ್ಬರ್ಟ್ ಶಾಟ್ಸ್, ಗೊಬ್ಬರ ಹಾಕಿದ ಹೊಲದ ಮಣ್ಣಿನ ಬ್ಯಾಕ್ಟೀರಿಯಾದಲ್ಲಿ ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದರು. ರೋಗಾಣು ತನಗೆ ಬೇಕಾದ ಪ್ರೋಟೀನು ತಯಾರಿಸಿಕೊಳ್ಳದಂತೆ ಅದು ತಡೆಯುತ್ತದೆ.

ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಇದನ್ನು ಒರೆಗೆ ಹಚ್ಚಿ 1948ರಲ್ಲಿ ಫಲಿತಾಂಶ ಪ್ರಕಟಿಸಿತು. ಆರು ತಿಂಗಳಲ್ಲಿ, ಮದ್ದು ಪಡೆದ 55 ರೋಗಿಗಳಲ್ಲಿ 4 ಮಂದಿ ತೀರಿಕೊಂಡರು. ಬರೀ ಹಾಸಿಗೆ ವಿಶ್ರಾಂತಿಯಲ್ಲಿದ್ದ 52 ಮಂದಿಯಲ್ಲಿ 14 ಮಂದಿ.

ಆದರೆ ಗೆಲುವು ಪೂರ್ತಿಯಾಗಿರಲಿಲ್ಲ. ಹಲವು ರೋಗಿಗಳಲ್ಲಿ ಮದ್ದಿಗೆ ಜಗ್ಗದ ರೋಗಾಣುಗಳು ತಲೆಯೆತ್ತಿದವು. ಕೋಟ್ಯಂತರ ರೋಗಾಣುಗಳ ನಡುವೆ ಕೆಲವು ಮೊದಲಿನಿಂದಲೇ ಮೊಂಡು. ಉಳಿದವು ಸತ್ತರೆ ಅವುಗಳದೇ ರಾಜ್ಯ. ಪಿ.ಎ.ಎಸ್. ಎಂಬ ಇನ್ನೊಂದು ಮದ್ದನ್ನು ಜೊತೆಗೆ ಕೊಟ್ಟಾಗ ಈ ಕಾಟ ಬಹಳ ತಗ್ಗಿದ್ದು 1950ರ ವೇಳೆಗೆ ಖಚಿತವಾಯಿತು. ಒಂದರಿಂದ ತಪ್ಪಿಸಿಕೊಂಡದ್ದು ಇನ್ನೊಂದಕ್ಕೆ ಸಿಕ್ಕಿಬೀಳುತ್ತದೆ.

ಇಂದಿಗೂ ಕ್ಷಯಕ್ಕೆ ಹಲವು ಔಷಧಗಳನ್ನು ಕೂಡಿಸಿ ತಿಂಗಳುಗಟ್ಟಲೆ ಕೊಡುತ್ತಾರೆ. ಕೆಮ್ಮು ನಿಂತಿತೆಂದು ನಡುವೆಯೇ ಗುಳಿಗೆ ಬಿಟ್ಟರೆ, ಅಳಿದುಳಿದ ರೋಗಾಣು ಮತ್ತೆ ಬೆಳೆಯುತ್ತದೆ. ಮೊಂಡು ರೋಗಾಣು ರೋಗಿಯೊಬ್ಬನಲ್ಲೇ ನಿಲ್ಲುವುದಿಲ್ಲ. ಉಸಿರಿನೊಡನೆ ಮನೆಯವರಿಗೂ ಹರಡಬಹುದು. ಆದ್ದರಿಂದ ವೈದ್ಯರು ಹೇಳಿದಷ್ಟು ದಿನವೂ ಮದ್ದು ತೆಗೆದುಕೊಳ್ಳಲೇಬೇಕು.